ಕಾಯ, ಕಾಯಕ ಮತ್ತು ಕರುಳು

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ನೀಡಿದ ಆಶೀರ್ವಚನ)



ಶ್ರಾವಣದ ಈ ಪ್ರವಚನದಲ್ಲಿ ಇಷ್ಟು ದಿನ ಷಟ್‌ಸ್ಥಲದ ವಿಚಾರವನ್ನು ಕೇಳುತ್ತ ಬಂದಿದ್ದೀರಿ. ಇಂದು ನಾವು ಆಯ್ದುಕೊಂಡಿರುವುದು ಕರುಳಿನ ವಿಚಾರ. ಮಠದ ಗದ್ದುಗೆಯ ಮುಂದೆ ಕುಳಿತು ಕರುಳಿನ ಮಾತೇ ಎಂದು ಕೆಲವರಿಗೆ ಅನ್ನಿಸಬಹುದು. ಲಿಂಗವನ್ನು ಧರಿಸಿರುವುದು ಈ ಕಾಯವೇ ಆದ ಮೇಲೆ, ಕಾಯದ ವಿಚಾರ ಧರ್ಮಕ್ಕೆ ಹೊರಗಿನದು ಹೇಗಾದೀತು? ಕಾಯವನ್ನು ಹೀನವೆಂದು ಬಗೆದು ಕಾಡಿಗೆ ಹೋದವರ ದಾರಿ ನಮ್ಮ ಶರಣರದಲ್ಲ. ಅವರು ಈ ಒಡಲನ್ನೇ ಗುಡಿಯೆಂದು ತಿಳಿದವರು.

ಈ ವಿಷಯವನ್ನೇ ಏಕೆ ಆಯ್ದುಕೊಂಡೆವೆಂದರೆ, ದೊಡ್ಡ ಕರುಳಿನ ಕ್ಯಾನ್ಸರ್ ಆಗಿದೆಯೆಂದು ಹೇಳಿಕೊಳ್ಳಲು ಮಠಕ್ಕೆ ಬರುವವರು ಈಚೆಗೆ ಒಬ್ಬಿಬ್ಬರಲ್ಲ. ಬಂದವರೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. "ಅಜ್ಜಾರ, ನಾವು ಮಾಂಸಾ ಮುಟ್ಟಿದವ್ರಲ್ಲ, ಸೆರೆ ಕುಡದವ್ರಲ್ಲ, ಒಂದು ದಿನಾ ಲಿಂಗಪೂಜಿ ತಪ್ಪಿಸಿದವ್ರಲ್ಲ. ನಮಗ್ಯಾಕ ಬಂತ್ರಿ ಇದು?" ಈ ಪ್ರಶ್ನೆಯಲ್ಲಿ ಎರಡು ನೋವುಗಳಿವೆ. ಒಂದು ರೋಗದ ನೋವು. ಮತ್ತೊಂದು, ತಾನು ನಡೆದುಬಂದ ಆಚಾರವೇ ತನ್ನ ಕೈಬಿಟ್ಟಿತಲ್ಲ ಎಂಬ ನೋವು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಸುಡುತ್ತದೆ. ಊರವರು ಅದಕ್ಕೆ ಉಪ್ಪು ಸವರುತ್ತಾರೆ: "ಏನು ಪಾಪಾ ಮಾಡಿದ್ನೋ!" ಎಂದು ಕಟ್ಟೆಯ ಮೇಲೆ ಕುಳಿತು ಆಡಿಕೊಳ್ಳುತ್ತಾರೆ.

ಮೊದಲು ಈ ಮಾತನ್ನು ಇತ್ಯರ್ಥ ಮಾಡೋಣ. ರೋಗವು ಪಾಪದ ದಂಡನೆಯಲ್ಲ. ಹುಟ್ಟಿದ ಮಗುವಿಗೂ ರೋಗ ಬರುತ್ತದೆ. ಅದು ಯಾವ ಪಾಪ ಮಾಡಿತ್ತು? ಈ ಕ್ಯಾನ್ಸರಿಗೆ ವಯಸ್ಸೇ ಒಂದು ದೊಡ್ಡ ಕಾರಣ. ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಅದರ ಬೀಜ ಇಳಿದುಬರುತ್ತದೆ. ಎಲ್ಲ ನಿಯಮಗಳನ್ನು ಪಾಲಿಸಿದವರಿಗೂ ಬರುವುದುಂಟು, ಯಾವುದನ್ನೂ ಪಾಲಿಸದವರಿಗೆ ಬಾರದಿರುವುದೂ ಉಂಟು. ಇನ್ನು ಮುಂದೆ ನಾವು ಹೇಳುವ ಊಟದ ಮಾತು, ತೂಕದ ಮಾತು, ಮೈದುಡಿಮೆಯ ಮಾತು ಇವೆಲ್ಲ ಅಪಾಯವನ್ನು ಕಡಿಮೆ ಮಾಡಿಕೊಳ್ಳುವ ಮಾತುಗಳು. ರೋಗ ಬಂದವನನ್ನು ಕಟಕಟೆಗೆ ನಿಲ್ಲಿಸಲು ಯಾರೂ ಇವನ್ನು ಬಳಸಕೂಡದು. ಹಾಗೆ ಬಳಸುವವರು ನಮ್ಮ ಪ್ರವಚನ ಕೇಳದಿರುವುದೇ ಲೇಸು.

ದೊಡ್ಡ ಕರುಳೆಂದರೆ ಹೊಟ್ಟೆಯ ಸುತ್ತ ಕಮಾನಿನಂತೆ ಹರಡಿರುವ, ಸುಮಾರು ಐದು ಅಡಿ ಉದ್ದದ ಕೊಳವೆ. ಉಂಡದ್ದರಲ್ಲಿ ಸಾರವೆಲ್ಲ ಸಣ್ಣ ಕರುಳಿನಲ್ಲಿ ಹೀರಿಹೋದ ಮೇಲೆ ಉಳಿದದ್ದು ಇಲ್ಲಿಗೆ ಬರುತ್ತದೆ. ಈ ಕೊಳವೆಯ ಒಳಪದರದಲ್ಲಿ ಕೆಲವರಿಗೆ ಅಣಬೆಯಂಥ ಸಣ್ಣ ಗಂಟುಗಳು ಮೂಡುತ್ತವೆ. ವೈದ್ಯರು ಪಾಲಿಪ್ ಎನ್ನುತ್ತಾರೆ. ಬಹುಪಾಲು ಗಂಟುಗಳು ನಿರುಪದ್ರವಿ. ಅವುಗಳಲ್ಲಿ ಕೆಲವು ಮಾತ್ರ ಬೆಳೆದು, ಕೆಟ್ಟು, ಕ್ಯಾನ್ಸರ್ ಆಗುತ್ತವೆ. ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷ, ಇನ್ನೂ ಹೆಚ್ಚೇ ಹಿಡಿಯುತ್ತದೆ. ಇದು ಒಂದು ರಾತ್ರಿಯಲ್ಲಿ ಎರಗುವ ರೋಗವಲ್ಲ ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಈ ಮಾತು ಬೇಕಾಗುತ್ತದೆ. ೨೦೨೨ರಲ್ಲಿ ಜಗತ್ತಿನಲ್ಲಿ ೧೯ ಲಕ್ಷಕ್ಕೂ ಹೆಚ್ಚು ಜನರಿಗೆ ಇದು ಹೊಸದಾಗಿ ಕಾಣಿಸಿತು, ೯ ಲಕ್ಷ ಜನ ಇದರಿಂದ ತೀರಿಕೊಂಡರು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಇದರ ಪ್ರಮಾಣ ಕಡಿಮೆ. ಆದರೆ ಬಾಳುವೆ ಬದಲಾದಂತೆ ಪ್ರಮಾಣವೂ ಬದಲಾಗುತ್ತದೆ. ಜಪಾನಿನಿಂದ ಅಮೆರಿಕಕ್ಕೆ ವಲಸೆ ಹೋದವರಲ್ಲಿ ಇದನ್ನು ಸ್ಪಷ್ಟವಾಗಿ ಕಂಡಿದ್ದಾರೆ. ತಾಯ್ನಾಡಿನಲ್ಲಿ ಆಗ ಅಪರೂಪವಾಗಿದ್ದ ರೋಗ, ನೆಲ ಬದಲಾಗಿ ಊಟ ಬದಲಾದ ಮೇಲೆ ಅಲ್ಲಿನವರಷ್ಟೇ ಅವರನ್ನೂ ಹಿಡಿಯಿತು. ರಕ್ತ ಅದೇ, ತಟ್ಟೆ ಬೇರೆ.

ಮಾಂಸದ ಮಾತನ್ನು ಬೇಗ ಮುಗಿಸುತ್ತೇವೆ, ಏಕೆಂದರೆ ಇಲ್ಲಿ ಕುಳಿತವರಿಗೆ ಅದರ ಅಗತ್ಯ ಕಡಿಮೆ. ಉಪ್ಪು ಹಾಕಿ, ಹೊಗೆ ಕೊಟ್ಟು, ಕೆಡದಂತೆ ಸಂಸ್ಕರಿಸಿದ ಮಾಂಸವು ಈ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೧೫ರಲ್ಲಿ ಸಾರಿತು. ದಿನಕ್ಕೆ ೫೦ ಗ್ರಾಂ ತಿಂದರೆ ಅಪಾಯ ನೂರಕ್ಕೆ ೧೮ರಷ್ಟು ಏರುತ್ತದೆಂದು ಲೆಕ್ಕ. ದನ, ಕುರಿ, ಹಂದಿಯ ಮಾಂಸದ ಮೇಲೂ ಬಲವಾದ ಸಂಶಯವಿದೆ. ಇದನ್ನು ಪತ್ರಿಕೆಯಲ್ಲಿ ಓದಿ, ನಾವಂತೂ ಗೆದ್ದೆವು ಎಂದು ನಮ್ಮವರು ಹಲವರು ಹಿಗ್ಗಿದರು. ಆ ಹಿಗ್ಗು ಅಷ್ಟು ಸರಿಯಲ್ಲ.

ಏಕೆ ಸರಿಯಲ್ಲ? ಅಮೆರಿಕದಲ್ಲಿ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದವರಿದ್ದಾರೆ. ಅವರಲ್ಲಿ ಸಸ್ಯಾಹಾರಿಗಳು ಬಹಳ. ಮದ್ಯ, ತಂಬಾಕುಗಳಿಂದ ದೂರ ಇರುವವರು, ಕಾಳು, ಹಣ್ಣು, ಇಡಿಧಾನ್ಯ ಉಣ್ಣುವವರು. ಅವರಲ್ಲಿ ೭೭ ಸಾವಿರಕ್ಕೂ ಹೆಚ್ಚು ಮಂದಿಯನ್ನು ಗಮನಿಸಿ ೨೦೧೫ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಾಂಸಾಹಾರಿಗಳಿಗಿಂತ ಸಸ್ಯಾಹಾರಿಗಳಿಗೆ ಈ ರೋಗ ನೂರಕ್ಕೆ ೨೨ರಷ್ಟು ಕಡಿಮೆ ಎಂದು ಕಂಡಿತು. ಆದರೆ ಇಂಗ್ಲೆಂಡಿನ ಆಕ್ಸ್‌ಫರ್ಡಿನವರು ೨೦೦೯ರಲ್ಲಿ ತಮ್ಮ ಲೆಕ್ಕ ಹಾಕಿದಾಗ ಅಲ್ಲಿನ ಸಸ್ಯಾಹಾರಿಗಳಿಗೆ ಇಂಥ ಲಾಭವೇನೂ ಕಾಣಲಿಲ್ಲ. ಇಬ್ಬರೂ ಮಾಂಸ ಬಿಟ್ಟವರೇ, ಫಲ ಮಾತ್ರ ಒಂದೇ ಅಲ್ಲ. ನಮಗೆ ತೋರುವುದು ಇಷ್ಟು: ತಟ್ಟೆಯಲ್ಲಿ ಏನಿಲ್ಲ ಎಂಬುದೊಂದರಿಂದಲೇ ಲೆಕ್ಕ ಮುಗಿಯುವುದಿಲ್ಲ, ಏನಿದೆ ಎಂಬುದನ್ನೂ ನೋಡಬೇಕು. ಮೈದಾ, ಬಿಳಿ ಅಕ್ಕಿ, ಸಕ್ಕರೆ, ಕರಿದ ಎಣ್ಣೆ ಇವೆಲ್ಲವೂ ಶುದ್ಧ ಸಸ್ಯಾಹಾರವೇ ಅಲ್ಲವೇ? ಬೇಕರಿಯಲ್ಲಿ ಮೊಟ್ಟೆ ಹಾಕದ್ದನ್ನು ಕೇಳಿ ಕೇಳಿ ಕೊಳ್ಳುವ ಭಕ್ತರನ್ನು ನಾವು ಕಂಡಿದ್ದೇವೆ. ಆಚಾರ ಮೆಚ್ಚತಕ್ಕದ್ದೇ. ಕರುಳಿಗೆ ಮಾತ್ರ ಅದರಿಂದ ಏನೂ ದಕ್ಕಲಿಲ್ಲ.

ಕರುಳಿಗೆ ಬೇಕಾದದ್ದು ನಾರು. ಇದನ್ನು ಜಗತ್ತಿಗೆ ಎತ್ತಿ ಹೇಳಿದವರು ಡೆನಿಸ್ ಬರ್ಕಿಟ್ ಎಂಬ ಐರ್ಲೆಂಡಿನ ಶಸ್ತ್ರವೈದ್ಯರು. ಆಫ್ರಿಕದ ಉಗಾಂಡದಲ್ಲಿ ಬಹುಕಾಲ ಸೇವೆ ಮಾಡಿದವರು. ತಮ್ಮ ದೇಶದಲ್ಲಿ ನಿತ್ಯ ಕಾಣುವ ಕರುಳಿನ ಕ್ಯಾನ್ಸರ್ ಅಲ್ಲಿನ ಹಳ್ಳಿಗರಲ್ಲಿ ಏಕಿಷ್ಟು ಅಪರೂಪ ಎಂದು ಅವರು ಯೋಚಿಸಿದರು. ಹಳ್ಳಿಗರು ಉಣ್ಣುತ್ತಿದ್ದುದು ಹೊಟ್ಟು ತೆಗೆಯದ ಧಾನ್ಯ, ಗೆಡ್ಡೆ, ಕಾಳು. ಮಲ ಹೆಚ್ಚಾಗಿ, ಮೆತ್ತಗೆ, ಬೇಗ ಹೊರಹೋಗುತ್ತಿತ್ತು. ಮಲವನ್ನು ತೂಗಿ ನೋಡಲೂ ಹೇಸದೆ, ೧೯೭೧ರಲ್ಲಿ ತಮ್ಮ ವಿಚಾರವನ್ನು ಪ್ರಕಟಿಸಿದರು. ದೊಡ್ಡ ವೈದ್ಯರೊಬ್ಬರು ಮಲದ ಮಾತಾಡುತ್ತ ದೇಶದೇಶ ತಿರುಗುವುದು ಕೆಲವರಿಗೆ ನಗೆಯ ವಿಷಯವಾಗಿರಬಹುದು. ನಮಗೆ ಮಾತ್ರ ಅವರ ಕೆಲಸದಲ್ಲಿ ಒಂದು ಕಾಯಕನಿಷ್ಠೆ ಕಾಣುತ್ತದೆ.

ಅವರ ಮಾತನ್ನು ಪರೀಕ್ಷಿಸಲು ೨೦೧೫ರಲ್ಲಿ ಪ್ರಕಟವಾದ ಒಂದು ಸ್ವಾರಸ್ಯದ ಪ್ರಯೋಗವಿದೆ. ದಕ್ಷಿಣ ಆಫ್ರಿಕದ ಹಳ್ಳಿಯ ೨೦ ಮಂದಿ, ಅಮೆರಿಕದ ಪಿಟ್ಸ್‌ಬರ್ಗಿನಲ್ಲಿರುವ ಆಫ್ರಿಕ ಮೂಲದ ೨೦ ಮಂದಿ. ಇವರಿಗೆ ಎರಡು ವಾರ ಊಟವನ್ನು ಅದಲುಬದಲು ಮಾಡಿ ಬಡಿಸಿದರು. ಹಳ್ಳಿಗರಿಗೆ ಅಮೆರಿಕದ ಕೊಬ್ಬಿನ, ಮಾಂಸದ ಊಟ. ಅವರ ದಿನದ ನಾರು ೬೬ ಗ್ರಾಮಿನಿಂದ ೧೨ಕ್ಕೆ ಇಳಿಯಿತು. ಅಮೆರಿಕದವರಿಗೆ ಹಳ್ಳಿಯ ಮೆಕ್ಕೆಜೋಳ, ಕಾಳಿನ ಊಟ. ಅವರ ನಾರು ೧೪ರಿಂದ ೫೫ಕ್ಕೆ ಏರಿತು. ಎರಡೇ ವಾರ! ಆಮೇಲೆ ಕರುಳಿನ ಒಳಪದರವನ್ನು ಪರೀಕ್ಷಿಸಿದರೆ, ಅಮೆರಿಕದವರಲ್ಲಿ ಉರಿಯೂತ ತಗ್ಗಿತ್ತು, ಜೀವಕೋಶಗಳು ಅವಸರದಿಂದ ಹೆಚ್ಚುವುದು ಕಡಿಮೆಯಾಗಿತ್ತು. ಹಳ್ಳಿಗರಲ್ಲಿ ಇದಕ್ಕೆ ತೀರ ವಿರುದ್ಧ. ಏನಾಗುತ್ತದೆಂದರೆ, ನಾವು ಅರಗಿಸಲಾರದ ನಾರನ್ನು ಕರುಳಿನೊಳಗಿನ ಸೂಕ್ಷ್ಮಜೀವಿಗಳು ಹುದುಗಿಸಿ ಉಣ್ಣುತ್ತವೆ. ಉಂಡು, ಬ್ಯೂಟಿರೇಟ್ ಎಂಬ ವಸ್ತುವನ್ನು ತಯಾರಿಸುತ್ತವೆ. ಇದೇ ಕರುಳಿನ ಒಳಪದರಕ್ಕೆ ಆಹಾರ, ಅದೇ ಅದಕ್ಕೆ ರಕ್ಷೆ. ನೋಡಿದಿರಾ, ದಾಸೋಹ ನಮ್ಮ ಹೊಟ್ಟೆಯೊಳಗೂ ನಡೆಯುತ್ತಿದೆ. ನಾವು ನಾರು ಬಡಿಸಿದರೆ ಅವು ನಮಗೆ ಬಡಿಸುತ್ತವೆ.

ಆದರೂ ವಿಜ್ಞಾನದ ಮಾತನ್ನು ಪೂರ್ತಿಯಾಗಿ ಹೇಳಬೇಕು, ಬೇಕಾದಷ್ಟನ್ನೇ ಆರಿಸಿ ಹೇಳುವುದು ಸತ್ಯವಲ್ಲ. ಆ ಪ್ರಯೋಗದಲ್ಲಿ ಬದಲಾದದ್ದು ಕರುಳಿನ ಲಕ್ಷಣಗಳು. ಕ್ಯಾನ್ಸರ್ ಬಾರದಂತಾಯಿತೆಂದು ಅದರಿಂದ ಸಿದ್ಧವಾಗಲಿಲ್ಲ. ೨೦೦೦ದಲ್ಲಿ ಅಮೆರಿಕದಲ್ಲಿ ಇನ್ನೊಂದು ಪರೀಕ್ಷೆಯ ಫಲ ಬಂತು. ಪಾಲಿಪ್ ತೆಗೆಸಿಕೊಂಡಿದ್ದ ಸುಮಾರು ಎರಡು ಸಾವಿರ ಜನರಲ್ಲಿ ಅರ್ಧ ಮಂದಿಗೆ ನಾಲ್ಕು ವರ್ಷ ಕೊಬ್ಬು ಕಡಿಮೆಯ, ನಾರು ಹೆಚ್ಚಿನ ಊಟ ಕೊಟ್ಟರು. ಹೊಸ ಗಂಟುಗಳು ಎರಡೂ ಗುಂಪಿನಲ್ಲಿ ಒಂದೇ ಪ್ರಮಾಣದಲ್ಲಿ ಬಂದವು. ಹಾಗಾದರೆ ನಾರು ಸುಳ್ಳೇ? ಅಲ್ಲ. ೨೦೦೩ರಲ್ಲಿ ಯುರೋಪಿನ ಹತ್ತು ದೇಶಗಳ ಐದು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ಅತಿ ಹೆಚ್ಚು ನಾರು ಉಣ್ಣುವವರಿಗೆ ಅತಿ ಕಡಿಮೆ ಉಣ್ಣುವವರಿಗಿಂತ ರೋಗ ಕಾಲು ಭಾಗ ಕಡಿಮೆ ಇತ್ತು. ದಿನಕ್ಕೆ ೯೦ ಗ್ರಾಂ ಇಡಿಧಾನ್ಯ ಉಂಡರೆ ಅಪಾಯ ನೂರಕ್ಕೆ ೧೭ರಷ್ಟು ತಗ್ಗುತ್ತದೆಂದು ಆಮೇಲಿನ ಅಧ್ಯಯನಗಳನ್ನೆಲ್ಲ ಕೂಡಿಸಿದವರು ಹೇಳಿದ್ದಾರೆ. ಹತ್ತು ವರ್ಷ ಬೆಳೆಯುವ ರೋಗವೆಂದು ಮೊದಲೇ ಹೇಳಿದೆವಲ್ಲ? ಐವತ್ತು ವರ್ಷ ಒಂದು ರೀತಿ ಉಂಡು, ನಾಲ್ಕು ವರ್ಷ ಇನ್ನೊಂದು ರೀತಿ ಉಂಡರೆ ಎಲ್ಲವೂ ಅಳಿಸಿಹೋಗುವುದಿಲ್ಲವೆಂದೇ ಇದನ್ನು ನಾವು ಅರ್ಥಮಾಡಿಕೊಂಡಿದ್ದೇವೆ. ಮನೆಯಲ್ಲಿ ಮಕ್ಕಳಿಗೆ ಏನು ಬಡಿಸುತ್ತೀರಿ ಎಂಬುದು ಆದ್ದರಿಂದ ಮುಖ್ಯ.

ತಾಯಂದಿರು ಇದಕ್ಕೆ ದೂರ ಹೋಗಬೇಕಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ೨೦೧೭ರ ಕೋಷ್ಟಕದಂತೆ ೧೦೦ ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ, ರಾಗಿಯಲ್ಲಿ ೧೧ ಗ್ರಾಂ ನಾರಿದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ, ಮೈದಾದಲ್ಲಿ ೩ ಗ್ರಾಮೂ ಇಲ್ಲ. ಜೋಳದ ರೊಟ್ಟಿ, ಇಡಿ ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಅಗಸಿ ಹಿಂಡಿ, ಹಸಿ ಸವತೆಕಾಯಿ, ಮೆಂತ್ಯಸೊಪ್ಪು, ಮೂಲಂಗಿ, ಮೇಲೆ ಮಜ್ಜಿಗೆ: ನಿಮ್ಮ ಅಜ್ಜಿಯಂದಿರ ಬುತ್ತಿಗಂಟು ಇದು. ಇಂದು ಮನೆಗೆ ಬೀಗರು ಬಂದರೆ ರೊಟ್ಟಿ ಬಡಿಸಲು ನಾಚುತ್ತೇವೆ, ಪೂರಿ ಕರಿಯುತ್ತೇವೆ. ರೊಟ್ಟಿ ಬಡವರ ಊಟವೆಂದು ಯಾರು ಹೇಳಿದರೋ! ಮಜ್ಜಿಗೆ, ಹಾಲಿನ ಬಗ್ಗೆಯೂ ಒಂದು ಮಾತು: ಇಂಗ್ಲೆಂಡಿನ ಐದು ಲಕ್ಷಕ್ಕೂ ಹೆಚ್ಚು ಹೆಂಗಸರ ಅಧ್ಯಯನ ೨೦೨೫ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದು ದೊಡ್ಡ ಲೋಟ ಹಾಲಿನಲ್ಲಿರುವಷ್ಟು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೆಚ್ಚಾಗಿ ಸೇವಿಸುವವರಿಗೆ ಈ ರೋಗ ನೂರಕ್ಕೆ ೧೭ರಷ್ಟು ಕಡಿಮೆ ಕಂಡಿತು. ಅದೇ ಅಧ್ಯಯನದಲ್ಲಿ ಮದ್ಯವು ಅಪಾಯವನ್ನು ಏರಿಸಿತ್ತು. ಮದ್ಯದ ಬಗ್ಗೆ ಮಠದ ನಿಲುವು ನಿಮಗೆ ಗೊತ್ತೇ ಇದೆ. ಇತ್ತೀಚೆಗೆ ಅದನ್ನು ಮರೆತ ಮನೆಗಳೂ ಇವೆ, ಹೆಸರು ಹೇಳುವುದು ಬೇಡ.

ಇನ್ನು ಮೈಭಾರ. ಮೈಯಲ್ಲಿ ಮಿತಿಮೀರಿದ ಕೊಬ್ಬು ೧೩ ಬಗೆಯ ಕ್ಯಾನ್ಸರುಗಳಿಗೆ ದಾರಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ವಿಭಾಗ ೨೦೧೬ರಲ್ಲಿ ನಿರ್ಣಯಿಸಿತು. ದೊಡ್ಡ ಕರುಳಿನದು ಅದರಲ್ಲಿ ಒಂದು. ಅದರಲ್ಲೂ ಹೊಟ್ಟೆಯ ಸುತ್ತ ಕೂಡುವ ಕೊಬ್ಬು ಕೆಟ್ಟದ್ದು. ಅದು ಸುಮ್ಮನೆ ಕುಳಿತಿರುವ ಮೂಟೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಏರುವಂತೆ ಮಾಡುತ್ತದೆ, ಮೈಯೊಳಗೆ ಸಣ್ಣ ಉರಿಯನ್ನು ಸದಾ ಹೊತ್ತಿಸಿಡುತ್ತದೆ, ಜೀವಕೋಶಗಳಿಗೆ ಬೆಳೆ ಬೆಳೆ ಎಂದು ಚುಚ್ಚಿಕೊಡುತ್ತದೆ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯಂತೆ ನಮ್ಮ ದೇಶದ ವಯಸ್ಕರಲ್ಲಿ ಹತ್ತಕ್ಕೆ ನಾಲ್ವರಿಗೆ ಹೊಟ್ಟೆಯ ಬೊಜ್ಜಿದೆ. ತಕ್ಕಡಿ ಬೇಕಿಲ್ಲ, ಸಿಂಪಿಗರ ಟೇಪು ಸಾಕು: ಗಂಡಸರಿಗೆ ೯೦ ಸೆಂಟಿಮೀಟರ್, ಹೆಂಗಸರಿಗೆ ೮೦ ಸೆಂಟಿಮೀಟರ್ ದಾಟಿದರೆ ಎಚ್ಚರವಾಗಬೇಕು. ಮೊದಲು ಹೊಟ್ಟೆ ಬಂದರೆ ಸಾಹುಕಾರಿಕೆಯ ಗುರುತೆಂದು ಗೌರವಿಸುತ್ತಿದ್ದರು. ಮಠಾಧಿಪತಿಗಳ ಹೊಟ್ಟೆಯ ಬಗ್ಗೆಯೂ ನೀವು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರಬಹುದು. ಅನ್ನಿ, ತಪ್ಪಿಲ್ಲ.

ನಮ್ಮಲ್ಲಿ ತೂಕ ಏರಲು ಒಂದು ವಿಚಿತ್ರ ಕಾರಣವಿದೆ. ಪ್ರಸಾದವನ್ನು ಕೆಡಿಸಬಾರದು ಎಂಬುದು ನಮ್ಮ ನಿಷ್ಠೆ. ತಟ್ಟೆ ತೊಳೆದು ಕುಡಿಯುವ ಹಿರಿಯರು ಇಂದಿಗೂ ಇದ್ದಾರೆ, ಅವರಿಗೆ ಶರಣು. ಆದರೆ ಬಡಿಸುವವರು ಒತ್ತಾಯದಿಂದ ಸುರಿಯುವುದು, ಉಣ್ಣುವವರು ಕೆಡಿಸಬಾರದೆಂದು ಹೊಟ್ಟೆಗೆ ತುರುಕುವುದು, ಇದು ಪ್ರಸಾದನಿಷ್ಠೆಯೇ? ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅವರ ಧರ್ಮಪತ್ನಿ ಲಕ್ಕಮ್ಮನವರು ಏನು ಮಾಡಿದರು? ಹೆಚ್ಚಾದುದನ್ನು ಮರಳಿ ಅಲ್ಲೇ ಸುರಿದು ಬರುವಂತೆ ಕಳಿಸಿದರು. ಮನೆಯ ಮಡಕೆಗೆ ಹೆಚ್ಚಾದುದು ಬೇಡವೆಂದ ಆ ತಾಯಿ, ಹೊಟ್ಟೆಯ ಮಡಕೆಗೆ ಬೇಕೆನ್ನುತ್ತಿದ್ದರೇ? ಎಲೆಗೆ ಬೀಳುವ ಮುಂಚೆಯೇ ಸಾಕೆನ್ನಬೇಕು. ಬಿದ್ದ ಮೇಲೆ ಎಸೆದರೂ ತಪ್ಪು, ಹಸಿವಿಲ್ಲದೆ ನುಂಗಿದರೂ ತಪ್ಪು.

ಕಾಯಕದ ಮಾತಿಗೆ ಬರೋಣ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರ ಹೆಸರುಗಳನ್ನೇ ನೋಡಿ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದವರು. ಮೋಳಿಗೆ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತವರು. ಮಾಚಿದೇವರು ಬಟ್ಟೆ ಒಗೆದವರು. ಚೌಡಯ್ಯನವರು ದೋಣಿ ನಡೆಸಿದವರು. ಒಬ್ಬರದೂ ಕುಳಿತು ಮಾಡುವ ಕೆಲಸವಲ್ಲ. ನಮ್ಮ ಅಜ್ಜಂದಿರು ಕುಂಟಿ ಹೊಡೆದರು, ಕಣದಲ್ಲಿ ರಾಶಿ ತೂರಿದರು. ಅಜ್ಜಿಯಂದಿರು ಬೆಳಗಿನ ಜಾವ ಹಾಡುತ್ತ ಬೀಸಿದರು, ಕುಟ್ಟಿದರು, ನೀರು ಹೊತ್ತರು. ಈಗ ಟ್ರ್ಯಾಕ್ಟರು ಬಂದಿದೆ, ಗಿರಣಿ ಬಂದಿದೆ, ನಲ್ಲಿ ಬಂದಿದೆ. ಬರಲಿ, ಬೆನ್ನು ಮುರಿಯುವ ದುಡಿಮೆ ತಪ್ಪಿದ್ದು ಒಳ್ಳೆಯದೇ. ಅಜ್ಜಿಯರ ಕಷ್ಟವನ್ನು ಹೊಗಳಿ ಹಾಡುವವರು ಒಂದು ವಾರ ಬೀಸಿ ನೋಡಲಿ. ಆದರೆ ದುಡಿಮೆ ಹೋಯಿತು, ದುಡಿಮೆಗಾರರ ಊಟದ ಅಳತೆ ಉಳಿಯಿತು. ಅದರ ಜೊತೆಗೆ ಹಿಂದೆ ಹಬ್ಬಕ್ಕೆ ಮಾತ್ರ ಇದ್ದ ಹೋಳಿಗೆ, ತುಪ್ಪ, ಬೂಂದಿ ಈಗ ವಾರವಾರ.

ಕುಳಿತು ಮಾಡುವ ಕೆಲಸಕ್ಕೂ ಈ ರೋಗಕ್ಕೂ ನಂಟಿದೆಯೆಂದು ೧೯೮೪ರಲ್ಲೇ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಕಂಡುಕೊಂಡರು. ಮೈಮುರಿದು ದುಡಿಯುವ ಗಂಡಸರಿಗೆ ಹೋಲಿಸಿದರೆ ಕುರ್ಚಿಯ ಕೆಲಸದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಒಂದೂವರೆ ಪಟ್ಟಿಗೂ ಮಿಕ್ಕಿತ್ತು. ಅದರ ಕೊನೆಯ ಭಾಗವಾದ ಗುದನಾಳದ ಕ್ಯಾನ್ಸರಿನಲ್ಲಿ ಮಾತ್ರ ಈ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಅನೇಕ ದೇಶಗಳ ಅಧ್ಯಯನಗಳು ಇದನ್ನೇ ಹೇಳಿವೆ. ನಡೆದಾಡಿದರೆ ಇನ್ಸುಲಿನ್ ತಗ್ಗುತ್ತದೆ, ಕರುಳೂ ಚುರುಕಾಗುತ್ತದೆ. ತೂಕ ಇಳಿಯದಿದ್ದರೂ ನಡಿಗೆಯ ಫಲ ತಪ್ಪುವುದಿಲ್ಲ, ಆದ್ದರಿಂದ ತಕ್ಕಡಿ ನೋಡಿ ನಿರಾಶರಾಗಬೇಡಿ. ವಾರಕ್ಕೆ ೧೫೦ ನಿಮಿಷ ಬಿರುಸಿನ ನಡಿಗೆಯಷ್ಟು ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ರೋಗ ಬಂದವರಿಗೆ ಇದರಿಂದ ಏನು ಪ್ರಯೋಜನವೆಂದು ಕೇಳುವಿರಿ. ಬಹುಶಃ ಇಂದಿನ ಮಾತಿನಲ್ಲಿ ಅತ್ಯಂತ ಸಮಾಧಾನದ ಸಂಗತಿ ಇದೇ. ೨೦೨೫ರ ಜೂನಿನಲ್ಲಿ ಒಂದು ಪರೀಕ್ಷೆಯ ಫಲ ಹೊರಬಿತ್ತು. ಹೆಚ್ಚಾಗಿ ಕೆನಡಾ, ಆಸ್ಟ್ರೇಲಿಯಗಳಲ್ಲಿ ನಡೆದದ್ದು. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕಿಮೋಥೆರಪಿ ಎಲ್ಲ ಮುಗಿಸಿದ ೮೮೯ ಮಂದಿ. ಅರ್ಧ ಮಂದಿಗೆ ಆರೋಗ್ಯದ ಪುಸ್ತಿಕೆ ಕೊಟ್ಟರು. ಉಳಿದ ಅರ್ಧಕ್ಕೆ ಅದರ ಜೊತೆಗೆ ಮೂರು ವರ್ಷ ಒಬ್ಬ ಮಾರ್ಗದರ್ಶಕರ ನೆರವಿನಿಂದ ಬಿರುಸು ನಡಿಗೆಯಂಥ ವ್ಯಾಯಾಮ ಮಾಡಿಸಿದರು. ಐದು ವರ್ಷಗಳ ಕೊನೆಗೆ ವ್ಯಾಯಾಮದವರಲ್ಲಿ ನೂರಕ್ಕೆ ೮೦ ಜನ ರೋಗ ಮರುಕಳಿಸದೆ ಇದ್ದರು, ಮತ್ತೊಂದು ಗುಂಪಿನಲ್ಲಿ ೭೪. ಎಂಟು ವರ್ಷಕ್ಕೆ ಬದುಕಿದ್ದವರು ನೂರಕ್ಕೆ ೯೦ ಮತ್ತು ೮೩. ನೂರರಲ್ಲಿ ಏಳು ಜನ! ಏಳು ಮನೆಗಳ ದೀಪ. ಆದ್ದರಿಂದ ರೋಗಿಯನ್ನು ಮೂಲೆಯ ಮಂಚಕ್ಕೆ ಕಟ್ಟಿಹಾಕಬೇಡಿ. ವೈದ್ಯರನ್ನು ಕೇಳಿ, ಕೈಹಿಡಿದು ಹೊರಗೆ ನಡೆಸಿ. ಚಿಕಿತ್ಸೆಯನ್ನು ಬಿಟ್ಟು ನಡೆಯಿರಿ ಎಂದು ನಾವು ಹೇಳುತ್ತಿಲ್ಲ; ಚಿಕಿತ್ಸೆ ಮುಗಿಸಿಯೇ ಅವರು ನಡೆದದ್ದು.

ಕೊನೆಯಲ್ಲಿ ಸಂಕೋಚ ಬಿಟ್ಟು ಒಂದು ಮಾತು ಹೇಳಬೇಕು. ಮಲದಲ್ಲಿ ರಕ್ತ ಕಂಡರೆ ನಮ್ಮ ಜನ ಮೂಲವ್ಯಾಧಿಯೆಂದು ಮುಚ್ಚಿಟ್ಟುಕೊಳ್ಳುತ್ತಾರೆ. ಹೆಣ್ಣುಮಕ್ಕಳಂತೂ ಗಂಡನಿಗೂ ಹೇಳುವುದಿಲ್ಲ. ವರ್ಷಗಟ್ಟಲೆ ಯಾರೋ ಕೊಟ್ಟ ಬೇರು, ಪುಡಿ. ಹೆಚ್ಚಿನ ಸಲ ಅದು ಮೂಲವ್ಯಾಧಿಯೇ ಇರಬಹುದು, ಆದರೆ ಅದನ್ನು ಹೇಳಬೇಕಾದವರು ವೈದ್ಯರು. ಮಲದ ರೂಢಿ ಕೆಲವು ವಾರ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಮೈಯಲ್ಲಿ ರಕ್ತ ಕಡಿಮೆಯಾಗಿ ಆಯಾಸವಾದರೆ ತಡಮಾಡಬೇಡಿ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ, ಲಕ್ಷಣವಿಲ್ಲದಿದ್ದರೂ ನಲವತ್ತನೆಯ ವಯಸ್ಸಿಗೆ, ಇಲ್ಲವೇ ಅವರಿಗೆ ರೋಗ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಪರೀಕ್ಷೆ ಮಾಡಿಸಬೇಕು. ಕೊಳವೆ ಹಾಕಿ ನೋಡುವಾಗಲೇ ಆ ಸಣ್ಣ ಗಂಟನ್ನು ತೆಗೆದುಬಿಡಬಹುದು. ಗಂಟು ಹೋದರೆ ಅದು ಕ್ಯಾನ್ಸರ್ ಆಗುವ ಮಾತೇ ಇಲ್ಲ. ಹತ್ತು ವರ್ಷದ ಅವಕಾಶವನ್ನು ನಾಚಿಕೆಗೆ ಬಲಿಕೊಡಬೇಡಿ.

ನಾಳೆಯಿಂದ ಶ್ರಾವಣ ಮುಗಿಯುವವರೆಗೆ ದಾಸೋಹದಲ್ಲಿ ರೊಟ್ಟಿ, ಕಾಳುಪಲ್ಯ, ಹಸಿ ತರಕಾರಿ ಮೊದಲು ಬರುತ್ತವೆ, ಅನ್ನ ಆಮೇಲೆ. ಸಿಹಿ ಸೋಮವಾರ ಮಾತ್ರ. ಸಾಕು ಎಂದವರ ಎಲೆಗೆ ಮತ್ತೆ ಹಾಕಬಾರದೆಂದು ಬಡಿಸುವ ತರುಣರಿಗೆ ತಿಳಿಸಿದ್ದೇವೆ. ಬೆಳಿಗ್ಗೆ ಐದೂವರೆಗೆ ಮಠದ ಹೆಬ್ಬಾಗಿಲಿನಿಂದ ಕೆರೆಯ ಏರಿಯವರೆಗೆ ಹೋಗಿ ಬರುವುದು. ನಾವೂ ಬರುತ್ತೇವೆ. ವಯಸ್ಸಾದವರು ಅರ್ಧ ದಾರಿಯ ಬೇವಿನ ಕಟ್ಟೆಯಲ್ಲಿ ಕುಳಿತು ಹಿಂದಿರುಗಬಹುದು.